ತುಂಬೆಯ ಎಡಗಾಲಿನ ಲಾಳ

ನಮ್ಮೂರಿನಲ್ಲಿ ಬಾಗಿಲಿಗೆ ರಂಗೋಲಿ ಬಿಡುವುದು ಕುದುರೆ ಹೋದ ಮೇಲೆ. ಮೊದಲೇ ಬಿಟ್ಟರೆ ಕೆಡುತ್ತದೆ. ಮದುವೆಯಾಗಿ ಬಂದ ಸೊಸೆಯರಿಗೆ ಅತ್ತೆಯರು ಮೊದಲ ದಿನ ಹೇಳಿಕೊಡುವುದು ಇದನ್ನೇ. ಉಪ್ಪು ಎಲ್ಲಿದೆ, ಹೆಪ್ಪು ಎಲ್ಲಿದೆ ಎಂಬುದೆಲ್ಲ ಆಮೇಲೆ. "ನಮ್ಮನೇದು ಐದೂವರೆಗೆ ಬರುತ್ತೆ, ಎರಡು ಸುತ್ತು. ಎರಡನೇದು ಮುಗಿಯೋವರೆಗೂ ಹೊಸ್ತಿಲು ದಾಟಬೇಡ." ಪಂದ್ಯ ಓಡಿದ ಕುದುರೆ ಸತ್ತರೂ ಅದರ ಕಾಲಿನ ಸದ್ದು ಸಾಯುವುದಿಲ್ಲ, ತನ್ನನ್ನು ಪಳಗಿಸಿದವರ ಮನೆಯನ್ನು ದಿನಾ ಬೆಳಗ್ಗೆ ಸುತ್ತುತ್ತದೆ. ಕೆಲವು ಮನೆಗೆ ಒಂದು, ಕೆಲವಕ್ಕೆ ಎರಡು. ಮೇಲಿನ ಬೀದಿಯ ಒಂದು ಮನೆಗೆ ಐದಿವೆ. ಆ ಮನೆಯಲ್ಲಿ ಬೆಳಗಿನ ಜಾವದ ನಿದ್ದೆ ಅಂದರೇನೆಂದು ಯಾರಿಗೂ ಗೊತ್ತಿಲ್ಲ. ಬಾಡಿಗೆಗೆ ಬರುವವರು ನೀರು ಹೇಗೆ ಎಂದು ಕೇಳಿದ ಮೇಲೆ "ಎಷ್ಟು ಕುದುರೆ ಮನೆ?" ಎಂದೂ ಕೇಳುತ್ತಾರೆ. ಹಾಲಿನ ರತ್ನಮ್ಮ ಪ್ರತಿ ಬೀದಿಯ ತಿರುವಿನಲ್ಲೂ ಕ್ಯಾನು ಇಳಿಸಿ, ಸೊಂಟದ ಮೇಲೆ ಕೈಯಿಟ್ಟು, ಸದ್ದು ದಾಟುವವರೆಗೆ ನಿಂತಿರುತ್ತಾಳೆ. ಅವಳ ಹಾಲು ತಡವಾಯಿತೆಂದು ಯಾರೂ ಬೈಯುವುದಿಲ್ಲ.

ನಮ್ಮದು ಒಂದು ಕುದುರೆಯ ಮನೆ. ಕುದುರೆಯ ಹೆಸರು ತುಂಬೆ. ಮೈಯೆಲ್ಲ ಹುಣಸೆಬೀಜದ ಬಣ್ಣ, ಹಣೆಯ ಮೇಲೆ ಮಾತ್ರ ತುಂಬೆಹೂವಿನಷ್ಟೇ ಒಂದು ಬಿಳಿ ಚುಕ್ಕೆ. ಇದು ನಾನು ಕಂಡದ್ದಲ್ಲ, ಅಜ್ಜಿ ಹೇಳಿದ್ದು. ತುಂಬೆ ಸತ್ತ ಎಂಟನೇ ದಿನಕ್ಕೆ ನಾನು ಹುಟ್ಟಿದೆ. ನನ್ನನ್ನು ಹೆತ್ತ ತಿಂಗಳಿಗೆ ಅಮ್ಮ ಹೋದಳು, ಅಪ್ಪ ಬೇರೆ ಊರಿನಲ್ಲಿ ಬೇರೆ ಸಂಸಾರ ಮಾಡಿಕೊಂಡ. ತೊಟ್ಟಿಲಲ್ಲಿ ರಾತ್ರಿಯೆಲ್ಲ ಅತ್ತು, ಬೆಳಗ್ಗೆ ತುಂಬೆಯ ಸದ್ದು ಮನೆ ಸುತ್ತುವಾಗ ಥಟ್ಟನೆ ಸುಮ್ಮನಾಗುತ್ತಿದ್ದೆನಂತೆ. ತಕತಕ ತಕತಕ ಎಂದು ಹಿತ್ತಿಲಿನಿಂದ ಬಂದು, ತುಳಸಿಕಟ್ಟೆಯ ಹತ್ತಿರ ಎಡಕ್ಕೆ ವಾಲಿ, ಬಾಗಿಲ ಮುಂದೆ ಒಂದು ಗಳಿಗೆ ನಿಧಾನವಾಗಿ, ಮತ್ತೆ ಓಟ. ಅಮ್ಮನ ದನಿ ನನಗೆ ನೆನಪಿಲ್ಲ. ಇದು ಮಾತ್ರ ನೆನಪಾಗುವ ಮೊದಲೇ ಇತ್ತು.

ತುಂಬೆಯ ತಾಯಿಯನ್ನು ತಂದು, ತಳಿ ನೋಡಿ ಕೂಡಿಸಿ, ತುಂಬೆಯನ್ನು ಹುಟ್ಟಿಸಿದವರು ನನ್ನ ತಾತ ಚೆನ್ನೇಗೌಡರು. ಪಳಗಿಸಿದವಳು ಅಜ್ಜಿ, ಚೆಲುವಾಜಮ್ಮ. ಆ ಕಾಲದಲ್ಲಿ ಹೆಂಗಸೊಬ್ಬಳು ಸೀರೆ ಎತ್ತಿ ಕಟ್ಟಿ, ಕೈಯಲ್ಲಿ ಲಗಾಮು ಹಿಡಿದು ಓಟದ ಬಯಲಿಗೆ ಇಳಿದದ್ದಕ್ಕೆ ಊರು ನಕ್ಕಿತ್ತು. "ಕುದುರೆಗೂ ಕುಪ್ಪಸ ಹೊಲಿಸ್ತೀಯೇನಮ್ಮಾ?" ಎಂದು ಕೇಳಿದವನಿಗೆ ಅಜ್ಜಿ, "ನಿಮ್ಮ ಕುದುರೆ ಸೋತಾಗ ಮುಖ ಮುಚ್ಚಿಕೊಳ್ಳಾಕೆ ಸೆರಗು ಬೇಕಾಗುತ್ತೆ, ಅದಕ್ಕೆ ಬಟ್ಟೆ ಉಳಿಸಿಟ್ಟಿದ್ದೀನಿ" ಅಂದಿದ್ದಳಂತೆ. ಆ ವರ್ಷ ತುಂಬೆ ಏಳು ಪಂದ್ಯ ಗೆದ್ದಿತು. ಈ ಕತೆಯನ್ನು ನಾನು ಅನ್ನಕ್ಕಿಂತ ಹೆಚ್ಚು ಸಲ ಉಂಡಿದ್ದೇನೆ.

ಅಜ್ಜಿಯ ಇನ್ನೊಂದು ಕತೆ ಹೀಗಿತ್ತು. ಮೊದಲು ಕುದುರೆಗಳೇ ಇರಲಿಲ್ಲ, ಬರೀ ಗಾಳಿ ಇತ್ತು. ಒಂದು ದಿನ ಗಾಳಿಗೆ ಹಸಿವಾಯಿತು. ಯಾರದೋ ಅಂಗಳದಲ್ಲಿ ಬೇಯಿಸಿದ ಹುರುಳಿ ಆರಹಾಕಿದ್ದರು. ಗಾಳಿ ಇಳಿದು ಒಂದು ಬಾಯಿ ತಿಂದಿತು, ಹೊಟ್ಟೆ ಬಂತು. ಇನ್ನೊಂದು ಬಾಯಿಗೆ ಬೆನ್ನು ಬಂತು. ಮೂಗಿನವರೆಗೆ ತಿಂದಾಗ ನಾಲ್ಕು ಕಾಲು ಊರಿ ನಿಂತಿತು. "ಆಮೇಲೆ?" ಎಂದು ನಾನು ಕೇಳಬೇಕು. "ಆಮೇಲೇನು, ತಿಂದ ಹುರುಳಿ ಕರಗೋವರೆಗೂ ಕುದುರೆ. ಕರಗಿದ ಮೇಲೆ ಮತ್ತೆ ಗಾಳಿ. ಹಿಡ್ಕೊಂಡ್ರೆ ನಿಲ್ಲುತ್ತಾ ಗಾಳಿ?" ಕತೆ ಅಲ್ಲಿಗೆ ಮುಗಿಯುತ್ತಿತ್ತು. ನನಗೆ ಮಾತ್ರ ಆ ಕೊನೆ ಬೇಡವಾಗಿತ್ತು.

ಓಟದ ಬಯಲಿನ ತೆಂಕಣ ಬದಿಗೆ ಮಾನದ ಗೋಡೆ ಇದೆ. ವರ್ಷದ ಕೊನೆಯ ಪಂದ್ಯದ ದಿನ ಒಂದೇ ಒಂದು ಕುದುರೆಗೆ ಅಲ್ಲಿ ಮಾನ ಸಿಗುತ್ತದೆ. ಅದು ಓಟ ಶುರುಮಾಡುವಾಗ ಯಾವ ಕಾಲನ್ನು ಮೊದಲು ಎತ್ತುತ್ತಿತ್ತೋ ಆ ಕಾಲಿನ ಲಾಳವನ್ನು ಗೋಡೆಗೆ ಹೊಡೆದು, ಕೆಳಗೆ ಕುದುರೆಯ ಹೆಸರು, ಹುಟ್ಟಿಸಿ ಬೆಳೆಸಿದವರ ಹೆಸರು, ಪಳಗಿಸಿದವರ ಹೆಸರು ಬರೆಯುತ್ತಾರೆ. ಲಾಳವನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ಕೊಡಬೇಕು. ಪಳಗಿಸಿದವರೇ ಕೊಡಬೇಕು, ಆದರೆ ಅವರ ಬರಿಗೈ ಅದಕ್ಕೆ ತಾಕಬಾರದು. ತಾಕಿದರೆ ಬಿಡಲಾಗುವುದಿಲ್ಲ ಅಂತ. ಬಟ್ಟೆ ಬಿಚ್ಚಿದೊಡನೆ ತಮಟೆ ಶುರು. ಬಿಚ್ಚಿದ ಲಾಳವನ್ನು ಮತ್ತೆ ಕಟ್ಟುವ ಹಾಗಿಲ್ಲ. ಮೊಳೆ ಬಿಗಿದ ಮೇಲೆ ತಮಟೆ ನಿಲ್ಲುತ್ತದೆ, ನಿಂತ ಕ್ಷಣ ಕುದುರೆ ಬಂದು ಊರೆಲ್ಲ ಕೇಳುವಂತೆ ಬಯಲನ್ನು ಒಂದು ಸುತ್ತು ಓಡುತ್ತದೆ. ಅದೇ ಅದರ ಕೊನೆಯ ಓಟ. ಮರುದಿನದಿಂದ ಆ ಮನೆಯ ಬೆಳಗು ಖಾಲಿ.

ಸಮಿತಿಯ ಅಧ್ಯಕ್ಷರಾದ ಅರಸಪ್ಪನವರು ಪ್ರತಿ ವರ್ಷ ನಮ್ಮ ಮನೆಗೆ ಬರುತ್ತಿದ್ದರು. ಅಜ್ಜಿ ಪ್ರತಿ ವರ್ಷ ಅವರಿಗೆ ಒಂದು ಚೊಂಬು ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದಳು. ಮಜ್ಜಿಗೆ ಅಂದರೆ ಈ ವರ್ಷ ಬೇಡ ಎಂದರ್ಥ. ಇಪ್ಪತ್ತೆರಡು ವರ್ಷ ಮಜ್ಜಿಗೆ ಕುಡಿದವರು ಈ ಸಲ ಜಗಲಿಯ ಮೇಲೆ ಕೂರುತ್ತಲೇ ಪೇಟ ತೆಗೆದು ಮೊಣಕಾಲ ಮೇಲಿಟ್ಟು, "ಚೆಲುವಮ್ಮೋರೇ, ಒಗ್ಗರಣೆ ಹಾಕಿ ಕೊಡಿ, ನಂಗೂ ವಯಸ್ಸಾಯ್ತು, ಸಪ್ಪೆ ಮಜ್ಜಿಗೆ ಶೀತ ಆಗುತ್ತೆ" ಅಂದರು.

"ಕೂತ್ಕೊಳಿ, ಕಾಫಿಗೆ ಇಟ್ಟಿದ್ದೀನಿ" ಅಂದಳು ಅಜ್ಜಿ.

ಅರಸಪ್ಪನವರ ಮೊಣಕಾಲ ಮೇಲಿಂದ ಪೇಟ ಜಾರಿ ಬಿತ್ತು. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದೆ. ಅವರು ಕಾಫಿ ಕುಡಿದು, ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಗೇಟಿನ ತನಕ ಹೋಗಿ ಇನ್ನೊಮ್ಮೆ ತಿರುಗಿ, "ಕಾಫಿನೇ ತಾನೇ?" ಎಂದು ಕೇಳಿ ಹೋದರು.

"ನನ್ನ ಒಂದು ಮಾತು ಕೇಳಿದ್ಯಾ?" ಅಂದೆ.

ಅಜ್ಜಿ ಲೋಟ ತೊಳೆಯುತ್ತಿದ್ದಳು. "ಇಷ್ಟು ವರ್ಷ ನಿನ್ನ ಮಾತೇ ಕೇಳಿದ್ದು ವಸೂ. ತೊಟ್ಟಿಲಲ್ಲಿ ಅಳ್ತಿದ್ದೆ, ಇದೊಂದು ವರ್ಷ ಇರಲಿ ಅಂದೆ. ಸ್ಕೂಲಿಗೆ ಸೇರಿದೆ, ಇರಲಿ ಅಂದೆ. ಮೈನೆರೆದೆ, ಜ್ವರ ಬಂತು, ಪರೀಕ್ಷೆ ಬಂತು, ಇರಲಿ ಇರಲಿ ಅಂದೆ. ಈಗ ನಂಗೆ ಎಪ್ಪತ್ತೆಂಟು. ಕೆರೆ ಕೆಳಗಿನ ಮನೆ ನೋಡಿಲ್ವಾ ನೀನು?"

ನೋಡಿದ್ದೆ. ಕೆರೆಯ ಕೆಳಗೆ ಸೂರಿಲ್ಲದ ನಾಲ್ಕು ಗೋಡೆಗಳಿವೆ. ಅಲ್ಲಿದ್ದ ಲಿಂಗಣ್ಣ ತನ್ನ ಕುದುರೆಯ ಲಾಳವನ್ನು ಕೊಡದೆಯೇ ತೀರಿಕೊಂಡ. ಪಳಗಿಸಿದವರು ಹೋದ ಮೇಲೆ ಲಾಳ ಕೊಡಲು ಯಾರಿಗೂ ಅಧಿಕಾರವಿಲ್ಲ. ಹನ್ನೊಂದು ವರ್ಷದಿಂದ ಆ ಕುದುರೆಯ ಸದ್ದು ಬೆಳಗು ಬೈಗು ಎನ್ನದೆ ಆ ಗೋಡೆಗಳನ್ನು ಸುತ್ತುತ್ತಿದೆ. ವರ್ಷದಿಂದ ವರ್ಷಕ್ಕೆ ನಿಧಾನವಾಗುತ್ತಿದೆ, ನಿಲ್ಲುವುದಿಲ್ಲ. ಮಟಮಟ ಮಧ್ಯಾಹ್ನವೂ ಜನ ಆ ದಾರಿ ಬಿಟ್ಟು ಏರಿಯ ಮೇಲಿಂದ ಹೋಗುತ್ತಾರೆ.

"ನಿಂಗೇನೂ ಆಗಲ್ಲ" ಅಂದೆ.

"ಆಗಲ್ಲ ಅಂತ ಲಿಂಗಣ್ಣನೂ ಅಂದಿದ್ದ" ಅಂದಳು ಅಜ್ಜಿ. ಆಮೇಲೆ ನಗುತ್ತಾ, "ನೋಡೇ, ನಿಮ್ಮ ತಾತನ ಹೆಸರು ನನ್ನ ಹೆಸರು ಮದುವೆ ಕಾಗದದಲ್ಲಿ ಜೊತೆಗೆ ಬಂದಿದ್ದು ಬಿಟ್ರೆ ಇನ್ನು ಆ ಗೋಡೆ ಮೇಲೇ. ನಂಗೂ ಆಸೆ ಇಲ್ವಾ?" ಅಂದಳು.

ಅಜ್ಜಿಗೆ ಕಣ್ಣಿನ ಪೊರೆ ಬಂದು ಎರಡು ವರ್ಷವಾಗಿತ್ತು. ಮಾನದ ದಿನದ ಹಿಂದಿನ ಮಧ್ಯಾಹ್ನ ಮರದ ಪೆಟ್ಟಿಗೆಯಿಂದ ತುಂಬೆಯ ನಾಲ್ಕೂ ಲಾಳಗಳನ್ನು ತೆಗೆಸಿ ನನ್ನ ಮುಂದಿಡಿಸಿದಳು. "ಮುಂದಿನ ಎಡಗಾಲಿಂದು. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಬಟ್ಟೆಯಲ್ಲಿ ಕಟ್ಟು. ಗೊತ್ತಾಗುತ್ತಲ್ಲ ಯಾವುದು ಅಂತ?"

ಗೊತ್ತಾಗದೆ ಏನು. ಹಿಂಗಾಲಿನ ಲಾಳಗಳು ತುದಿಯಲ್ಲಿ ಚೂಪು, ಮುಂಗಾಲಿನವು ದುಂಡಗೆ. ತುಂಬೆ ಎಡಕ್ಕೆ ವಾಲಿ ತಿರುಗುತ್ತಿತ್ತಾದ್ದರಿಂದ ಎಡಗಾಲಿನ ಲಾಳ ಹೊರ ಅಂಚಿನಲ್ಲಿ ಸವೆದು ಬ್ಲೇಡಿನಂತಾಗಿತ್ತು. ಅಂಕೆ ಕಲಿಯುವ ಮೊದಲೇ ಅಜ್ಜಿ ನನಗೆ ಇದನ್ನು ಕಲಿಸಿದ್ದಳು. ನಾನು ಹಿತ್ತಿಲ ಕಲ್ಲಿನ ಮೇಲೆ ಕೂತು ಅದನ್ನು ಫಳಫಳ ಹೊಳೆಯುವಂತೆ ಉಜ್ಜಿದೆ. ಒರೆಸಿದೆ. ಕೆನ್ನೆಗೆ ಒತ್ತಿಕೊಂಡೆ. ಬಿಸಿಲಿಗೆ ಬೆಚ್ಚಗಿತ್ತು. ಆಮೇಲೆ ಬಲಗಾಲಿನ ಲಾಳವನ್ನು ಅಷ್ಟೇ ಚೆನ್ನಾಗಿ ಉಜ್ಜಿ ಅರಿಶಿನದ ಬಟ್ಟೆಯಲ್ಲಿ ಕಟ್ಟಿದೆ. ಎಡಗಾಲಿನದನ್ನು ಹುರುಳಿ ಡಬ್ಬದ ತಳದಲ್ಲಿ ಹೂತಿಟ್ಟೆ. ಲಾಳ ತಪ್ಪಾದರೆ ಕುದುರೆ ಬರುವುದೇ ಇಲ್ಲ, ಏನೋ ದೋಷವಾಯಿತೆಂದು ಜನ ಮನೆಗೆ ಹೋಗುತ್ತಾರೆ, ತುಂಬೆ ಎಂದಿನಂತೆ ನಮ್ಮ ಬಾಗಿಲಿಗೆ ಬರುತ್ತದೆ. ಇಷ್ಟೇ ನಾನು ಯೋಚಿಸಿದ್ದು. ಇನ್ನೂ ಒಂದು ಯೋಚನೆಯಿತ್ತು. ತುಂಬೆ ಇರುವತನಕ ಅಜ್ಜಿಯೂ ಹೋಗಲಾರಳು ಎಂದು. ಅದನ್ನು ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಮಾನದ ದಿನ ಬಯಲಿನ ತುಂಬ ಜನ. ಅಜ್ಜಿ ಗಿಳಿಹಸಿರು ಸೀರೆಯುಟ್ಟಿದ್ದಳು. ಅರಸಪ್ಪನವರು ಮೈಕಿನಲ್ಲಿ ತುಂಬೆಯ ತಾಯಿಯ ತಾಯಿಯಿಂದ ಶುರುಮಾಡಿ ಇಪ್ಪತ್ತು ನಿಮಿಷ ಮಾತಾಡಿದರು. ಹಿಂದಿನಿಂದ ಯಾರೋ "ಸ್ವಾಮಿ, ಕುದುರೆ ಇಷ್ಟು ಹೊತ್ತು ಓಡಿರಲಿಲ್ಲ!" ಎಂದು ಕೂಗಿದರು. ನಗು. ಆಮೇಲೆ ಅಜ್ಜಿ ಬಟ್ಟೆಯ ಗಂಟನ್ನು ಎರಡೂ ಅಂಗೈಯಲ್ಲಿ ಹಿಡಿದು ಬುಡನ್ ಸಾಬರಿಗೆ ಕೊಟ್ಟಳು. ಬುಡನ್ ಸಾಬರು ಊರಿನ ಲಾಳ ಕಟ್ಟುವವರು. ತುಂಬೆಯ ನಾಲ್ಕೂ ಕಾಲಿಗೆ ಲಾಳ ಕಟ್ಟಿದ್ದವರು ಅವರೇ. ಅವರು ಬಟ್ಟೆ ಬಿಚ್ಚಿದರು, ತಮಟೆ ಶುರುವಾಯಿತು. ಅವರ ಹೆಬ್ಬೆರಳು ಲಾಳದ ಹೊರ ಅಂಚಿನ ಮೇಲೆ ಒಂದು ಸಲ ಸರಿಯಿತು. ತಲೆಯೆತ್ತಿ ನೇರ ನನ್ನನ್ನು ನೋಡಿದರು. ಬಿಚ್ಚಿದ್ದನ್ನು ಮತ್ತೆ ಕಟ್ಟುವ ಹಾಗಿಲ್ಲ. ಸುತ್ತಿಗೆ ಎತ್ತಿದರು.

ತಮಟೆ ನಿಂತಿತು. ಬಯಲಿನ ಆಚೆ ತುದಿಯಲ್ಲಿ ಸದ್ದೆದ್ದಿತು. ಜನ ಹೋ ಎಂದರು. ಆಮೇಲೆ ಆ ಕೂಗು ತಾನಾಗಿ ಇಳಿಯಿತು. ತಕತ, ತಕತ. ಮೂರೇ ಕಾಲು. ಒಂದು ಜಾಗದಲ್ಲಿ ಏನೂ ಇಲ್ಲ, ಮೆಟ್ಟಿಲು ಇದೆಯೆಂದುಕೊಂಡು ಇಟ್ಟ ಕಾಲು ಗಾಳಿಗೆ ಇಳಿದ ಹಾಗೆ. ಸದ್ದು ಎಡತಿರುವಿಗೆ ಬಂತು, ವಾಲಲು ಹೋಯಿತು, ಎಡವಿತು. ಗೆಲುವಿನ ಕಂಬಕ್ಕೆ ಹತ್ತು ಮಾರು ಇರುವಾಗ ನಿಂತೇ ಹೋಯಿತು.

"ಕುಂಟುತ್ತಾ ಇದೆ" ಅಂದಳು ಅಜ್ಜಿ ಮೆಲ್ಲಗೆ. "ನನ್ನ ತುಂಬೆ ಒಂದು ದಿನಾನೂ ಕುಂಟಿದ್ದಿಲ್ಲ." ಅರಸಪ್ಪನವರು ಮೈಕು ಆರಿಸಿದರು. ಜನ ಅಜ್ಜಿಯ ಮುಖ ನೋಡದೆ ಚದುರಿದರು.

ಮರುದಿನ ಬೆಳಗ್ಗೆ ನಾನು ಎದ್ದು ಕಾದೆ. ಐದೂವರೆಗೆ ಹಿತ್ತಿಲಿನಿಂದ ಬಂತು. ಟಕ್. ಬಹಳ ಹೊತ್ತಿನ ಮೇಲೆ ಇನ್ನೊಮ್ಮೆ, ಟಕ್. ಒಂದೇ ಕಾಲು. ನಾನು ಲಾಳ ಹೂತಿಟ್ಟ ಎಡಗಾಲು. ತನ್ನ ಉಳಿದ ಮೈ ಎಲ್ಲಿ ಹೋಯಿತೆಂದು ತಿಳಿಯದ ಒಂದು ಕಾಲು ಮನೆ ಸುತ್ತುತ್ತಿತ್ತು. ತುಳಸಿಕಟ್ಟೆಯ ಹತ್ತಿರ ವಾಲುವುದಕ್ಕೆ ಅದಕ್ಕೆ ಮೈಯೇ ಇರಲಿಲ್ಲ. ಬಾಗಿಲ ಮುಂದೆ ಬಂದು ನಿಂತಿತು. ನಾನು ಹೊಸ್ತಿಲೊಳಗೆ ಕೂತೆ. ಇಪ್ಪತ್ತಮೂರು ವರ್ಷ ನನ್ನನ್ನು ಸುಮ್ಮನಾಗಿಸಿದ್ದ ಸದ್ದು ಅದು. ಅವತ್ತು ಕಿವಿ ಮುಚ್ಚಿಕೊಂಡೆ.

ಅಜ್ಜಿ ಬಂದು ಪಕ್ಕದಲ್ಲಿ ಕೂತಳು. ಬೈಯಲಿಲ್ಲ. "ಎಲ್ಲಿಟ್ಟಿದ್ದೀಯೇ?" ಅಂದಳು.

"ಹುರುಳಿ ಡಬ್ಬದಲ್ಲಿ."

"ಒಂದೇ ಕಾಲಲ್ಲಿ ಎಷ್ಟು ದಿನ ಓಡಿಸ್ತೀಯೇ ಅದನ್ನ?"

ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು, "ಅದು ಹೋದ್ರೆ ನೀನೂ ಹೋಗ್ತೀಯ" ಅಂದೆ. ಹೇಳಬಾರದೆಂದು ಇದ್ದದ್ದು ಬಾಯಿಂದ ಬಿದ್ದುಹೋಗಿತ್ತು.

"ಹೋಗ್ತೀನಿ" ಅಂದಳು ಅಜ್ಜಿ, ಸಂತೆಗೆ ಹೋಗಿಬರ್ತೀನಿ ಅನ್ನುವಷ್ಟೇ ಸಲೀಸಾಗಿ. "ಇದ್ರೂ ಹೋಗ್ತೀನಿ, ಹೋದ್ರೂ ಹೋಗ್ತೀನಿ. ಇವತ್ತೇನೂ ಅಲ್ಲ, ರಾಗಿ ನೆನೆಹಾಕಿದ್ದೀನಿ. ಆದ್ರೆ ನಾನು ಹೋದ ಮೇಲೆ ಈ ಒಂಟಿ ಕಾಲು ನಿನ್ನ ಮನೆ ಸುತ್ತುತ್ತೆ, ಆ ಮೂರು ಕಾಲು ಬಯಲಲ್ಲಿ ನಿಂತಿರುತ್ತೆ. ಸೇರಿಸೋರು ಯಾರು ಆಗ?"

ಬೆಳಕು ಹರಿಯುವಾಗ ಬುಡನ್ ಸಾಬರು ಸೈಕಲ್ ತಳ್ಳಿಕೊಂಡು ಬಂದರು. ಬಯಲಿನಲ್ಲಿ ಮುಂಜಾನೆಯ ಅಭ್ಯಾಸಕ್ಕೆ ಬಂದ ಕುದುರೆಗಳೆಲ್ಲ ಗೆಲುವಿನ ಕಂಬದ ಹತ್ತಿರ ಬೆಚ್ಚಿ ಹಿಂಗಾಲ ಮೇಲೆ ಏಳುತ್ತಿವೆಯಂತೆ, ಒಬ್ಬ ಸವಾರ ಬಿದ್ದು ಕೈ ಮುರಿದುಕೊಂಡನಂತೆ. "ಅಕ್ಕಾ, ಅಲ್ಲಿ ನಿಂತಿರೋದು ನಿಮ್ಮ ತುಂಬೆನೇ" ಅಂದರು. ನನ್ನ ಕಡೆ ತಿರುಗಿ, "ಕೊಡು ಮಗಳೇ. ನಿನ್ನೆ ಕೈಗೆ ಬಂದಾಗಲೇ ಗೊತ್ತಾಯ್ತು. ಈ ಬೆರಳು ಕಟ್ಟಿದ ಲಾಳ ಈ ಬೆರಳಿಗೆ ಸುಳ್ಳು ಹೇಳಲ್ಲ."

"ಸಮಿತಿಯವರು?" ಅಂದೆ.

"ಒಂದು ಕುದುರೆಗೆ ಒಂದೇ ಲಾಳ, ಒಂದೇ ಸಲ ಅಂತ ಕಾನೂನು ಓದ್ತಾರೆ ಅರಸಪ್ಪೋರು. ಓದ್ಲಿ. ಅವರು ಏಳೋದು ಎಂಟಕ್ಕೆ."

ಎಡಗಾಲಿನ ಲಾಳವನ್ನು ಹುರುಳಿಯಿಂದ ತೆಗೆದು ಅರಿಶಿನದ ಬಟ್ಟೆಯಲ್ಲಿ ಕಟ್ಟಿದೆ. ನಾವು ಮೂವರೂ ಹೋದೆವು. ಸವಾರರು ಕುದುರೆಗಳನ್ನು ಹಿಂದಕ್ಕೆ ಕರೆದೊಯ್ದಿದ್ದರು, ಬಯಲಿನಲ್ಲಿ ಯಾರೂ ಇರಲಿಲ್ಲ. ಹುಲ್ಲಿನ ಮೇಲೆ ಇಬ್ಬನಿ, ನಿನ್ನೆಯ ಕಡಲೆಕಾಯಿ ಸಿಪ್ಪೆ. ಬುಡನ್ ಸಾಬರು ಬಲಗಾಲಿನ ಲಾಳವನ್ನು ಗೋಡೆಯಿಂದ ಕಿತ್ತರು. ಕೆಳಗೆ ಬಣ್ಣ ಇನ್ನೂ ಹಸಿಯಾಗಿತ್ತು: ತುಂಬೆ. ಹುಟ್ಟಿಸಿ ಬೆಳೆಸಿದವರು ಚೆನ್ನೇಗೌಡರು. ಪಳಗಿಸಿದವರು ಚೆಲುವಾಜಮ್ಮ. ಅಜ್ಜಿ ಆ ಅಕ್ಷರಗಳ ಹತ್ತಿರ ಮುಖವೊಯ್ದು, ಕಾಣದಿದ್ದರೂ ನೋಡಿದಳು.

ತಮಟೆಯವರು ಇರಲಿಲ್ಲ. ಬುಡನ್ ಸಾಬರು ಮೊಳೆ ಇಡುವ ತಗಡಿನ ಡಬ್ಬ ಬರಿದುಮಾಡಿ, ಒಂದು ಕಡ್ಡಿ ಜೊತೆಗೆ ಅಜ್ಜಿಯ ಕಡೆ ಚಾಚಿದರು. ಅಜ್ಜಿ ಅದನ್ನು ನನ್ನ ಕೈಗೆ ದಾಟಿಸಿದಳು. "ಬಡಿ."

ಅಜ್ಜಿ ಗಂಟು ಕೊಟ್ಟಳು, ಅವರು ಬಟ್ಟೆ ಬಿಚ್ಚಿದರು, ನಾನು ಬಡಿದೆ. ಒಂದು ಮೊಳೆ. ಎರಡು. ಆರನೆಯ ಮೊಳೆ ಹೊಡೆದು ಬುಡನ್ ಸಾಬರು ಸುತ್ತಿಗೆ ಕೆಳಗಿಟ್ಟರು. ನಾನು ಬಡಿಯುತ್ತಲೇ ಇದ್ದೆ. ಬಡಿಯುವವರೆಗೆ ತುಂಬೆ ಹೋಗುವಂತಿಲ್ಲ. ಇದು ನಿಲ್ಲಬೇಕಾದರೆ ನಾನೇ ನಿಲ್ಲಿಸಬೇಕು ಎಂದು ನನಗೆ ಆಗ ತಿಳಿಯಿತು, ಅಜ್ಜಿ ಡಬ್ಬವನ್ನು ನನಗೇ ಯಾಕೆ ಕೊಟ್ಟಳು ಎಂಬುದೂ. ಬಿಸಿಲು ಗೋಡೆಯ ನೆತ್ತಿಯಿಂದ ಇಳಿದು ಲಾಳವನ್ನು ಮುಟ್ಟಿತು. ಕೈ ಸೋತಿತು, ಕೈ ಬದಲಿಸಿದೆ. ಬುಡನ್ ಸಾಬರು ಏನೋ ಹೇಳಲು ಬಾಯಿ ತೆರೆದರು, ಅಜ್ಜಿ ಬೇಡವೆಂದು ತಲೆಯಾಡಿಸಿದಳು. ಅವಳು ಅವಸರ ಮಾಡಲಿಲ್ಲ. ಹೆದರಿದ ಮರಿಕುದುರೆ ತಾನಾಗಿ ಹತ್ತಿರ ಬರುವವರೆಗೆ ನಿಲ್ಲುವ ಹಾಗೆ ನಿಂತಿದ್ದಳು. ನನ್ನನ್ನೂ ಹಾಗೆಯೇ ಪಳಗಿಸಿದ್ದಳೇನೋ.

ನಿಲ್ಲಿಸಿದೆ.

ಊರಿನ ಕಡೆಯಿಂದ ಒಂದು ಕಾಲು ಬಂತು. ಟಕ್ ಟಕ್ ಟಕ್, ಮೊದಲು ತಡವರಿಸುತ್ತಾ, ಆಮೇಲೆ ಅವಸರವಾಗಿ. ಗೆಲುವಿನ ಕಂಬದ ಹತ್ತಿರ ಮೂರು ಕಾಲುಗಳು ನೆಲ ಕೆರೆದವು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ತಕತಕ ತಕತಕ, ತುಂಬಿದ ಸದ್ದು, ಮನೆ ಸುತ್ತುವಾಗ ಎಂದೂ ಕೇಳಿರದಷ್ಟು ದೊಡ್ಡದು. ನಮ್ಮ ಅಂಗಳ ಅದಕ್ಕೆ ಎಷ್ಟು ಇಕ್ಕಟ್ಟಾಗಿತ್ತು! ಎಡತಿರುವಿನಲ್ಲಿ ವಾಲಿತು. ಇಬ್ಬನಿ ಸಾಲಾಗಿ ಸಿಡಿಯುತ್ತಾ ಬಂತು. ಅಜ್ಜಿ ಸೆರಗು ಬಿಗಿದು, ಎಪ್ಪತ್ತೆಂಟರ ಗಂಟಲಿನಿಂದ "ಹಾ ತುಂಬೇ, ಹಾ ನನ್ನವ್ವಾ, ಬಿಡು ಇನ್ನ!" ಎಂದು ಕೂಗಿದಳು. ಬೇಯಿಸಿದ ಹುರುಳಿಯ ವಾಸನೆಯೊಂದು ನಮ್ಮ ಮೂವರ ಮುಖಕ್ಕೆ ಬಡಿದು ದಾಟಿಹೋಯಿತು. ಕಂಬದ ಆಚೆ ಸದ್ದಿರಲಿಲ್ಲ. ಹುಣಸೆಮರದ ಎಲೆಗಳು ಸ್ವಲ್ಪ ಹೊತ್ತು ಅಲುಗಾಡಿದವು.

"ಕಂಡ್ಯಾ?" ಅಂದಳು ಅಜ್ಜಿ, ಪೊರೆ ಮುಚ್ಚಿದ ಕಣ್ಣನ್ನು ನನ್ನ ಕಡೆ ತಿರುಗಿಸಿ.

ನಾನು ಕಂಡದ್ದು ಇಬ್ಬನಿ, ಬಿಸಿಲು. "ಕಂಡೆ" ಅಂದೆ. "ಹುಣಸೆಬೀಜದ ಬಣ್ಣ. ಹಣೆ ಮೇಲೆ ಚುಕ್ಕೆ ಇತ್ತು. ತಿರುಗಿ ನಿನ್ನನ್ನ ನೋಡ್ತು ಅಜ್ಜಿ."

"ನೋಡ್ತಾ?"

"ನೋಡ್ತು."

ಬುಡನ್ ಸಾಬರು ತಗಡಿನ ಡಬ್ಬಕ್ಕೆ ಒಂದೊಂದೇ ಮೊಳೆ ತುಂಬುತ್ತಾ, "ಅಕ್ಕಾ, ಮೊಮ್ಮಗಳು ನಿಮಗಿಂತ ಚೆನ್ನಾಗಿ ಕತೆ ಹೇಳ್ತಾಳೆ" ಅಂದರು. ಅಜ್ಜಿ ಕಣ್ಣೊರೆಸಿಕೊಂಡು, "ಕತೆ ಯಾವುದ್ರೀ, ಅವಳು ಕಂಡೋಳು" ಅಂದಳು.

ಮರುದಿನ ಐದೂವರೆಗೆ ಎಚ್ಚರವಾಯಿತು. ಬೀದಿಯಲ್ಲಿ ಬೇರೆ ಮನೆಗಳ ಕುದುರೆಗಳು ಹೋದವು. ನಮ್ಮ ಹಿತ್ತಿಲಿನಲ್ಲಿ ಕಾಗೆಯೊಂದು ಕೂಗಿತು, ಅಷ್ಟೇ. ನೀರು ಹಾಕಿ, ರಂಗೋಲಿ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತೆ. ಯಾವಾಗ ಶುರುಮಾಡಬೇಕೆಂದು ತಿಳಿಯಲಿಲ್ಲ. ತಿರುವಿನಲ್ಲಿ ರತ್ನಮ್ಮ ಕ್ಯಾನು ಇಳಿಸಿ, ರೂಢಿಯಂತೆ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಬಾ ಎಂದು ಕೈ ಬೀಸಿದೆ. ಅವಳು ನಂಬಿಕೆಯಾಗದೆ ಇನ್ನೂ ಸ್ವಲ್ಪ ಹೊತ್ತು ನಿಂತು, ಮೆಲ್ಲಗೆ, ಅಂಚಿಗೆ ಸರಿದು ನಡೆದುಬಂದಳು.

ಚುಕ್ಕೆ ಇಟ್ಟು ಎಳೆ ಎಳೆದೆ. ಅಜ್ಜಿ ಹೊರಗೆ ಬಂದು, ಬಗ್ಗಿ, ಬಿಳಿ ಎಳೆಯ ಮೇಲೆ ಮುಖವಿಟ್ಟು ನೋಡಿದಳು. "ಇಲ್ಲಿ ಸೇರಿಸಿಲ್ವಲ್ಲೇ?" ಒಂದು ಗೊರಸು ಹಿಡಿಯುವಷ್ಟು ಸಂದಿ ಬಿಟ್ಟಿದ್ದೆ.

"ಇವತ್ತೊಂದು ದಿನ" ಅಂದೆ.

"ಹೂಂ" ಅಂದಳು. "ಇವತ್ತೊಂದು ದಿನ."

ಹಾಲಿನ ಪಾತ್ರೆ ಹಿಡಿದು ಒಳಗೆ ಹೋಗುವಾಗ ಅಜ್ಜಿ ಆ ಸಂದಿಯನ್ನು ತುಳಿಯಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು, ಗೋಡೆಯ ಬದಿಗೆ ಸರಿದು, ದಾರಿ ಬಿಟ್ಟು ನಡೆದಳು.